ಕ್ಲಾಸಿನೊಳಗೆ ಕ್ಲಾಸು ಬಂದ ಕತೆ

ಓಣಂ ರಜೆಗೆ ಊರಿಗೆ ಬಂದಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಜಾವಾ ಪುಸ್ತಕ ಹಿಡಿದು ಮನೆಗೆ ಬಂದ. "ಸಾರ್, ಮೆಥಡ್ಡಿನೊಳಗೆ ಬರೆದ ಕ್ಲಾಸು ಆ ಮೆಥಡ್ಡಿನ ವೇರಿಯಬಲ್ ಬಳಸಬೇಕಾದರೆ ಅದರ ಬೆಲೆ ಬದಲಾಗಲೇಬಾರದಂತೆ. ಯಾಕೆ?" ನಿಯಮ ಬಾಯಿಪಾಠವಿತ್ತು, ಕಾರಣ ಯಾರೂ ಹೇಳಿರಲಿಲ್ಲ. ನಾನು ಬಿ.ಎ. ಓದಿದವ, ಶಾಲೆಗೆ ಕಂಪ್ಯೂಟರ್ ಬಂದ ಮೇಲೆ ಕಲಿತವ. ಆದರೆ ಇದು ಚರಿತ್ರೆಯ ಪ್ರಶ್ನೆ ನೋಡಿ!

1996ರ ಜನವರಿಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ ಜಾವಾ 1.0 ಹೊರತಂದಾಗ ಒಂದು ಕ್ಲಾಸಿನೊಳಗೆ ಇನ್ನೊಂದಕ್ಕೆ ಜಾಗವಿರಲಿಲ್ಲ. ಪರದೆಯಲ್ಲಿ ಹತ್ತು ಬಟನ್ ಇದ್ದರೆ ಹತ್ತರ ಕ್ಲಿಕ್ಕೂ ಸಾಮಾನ್ಯವಾಗಿ ಒಂದೇ ಮೆಥಡ್ಡಿಗೆ ಬರುತ್ತಿತ್ತು, ಅಲ್ಲಿ 'ಇಫ್-ಎಲ್ಸ್'ಗಳ ಸಂತೆ. 1997ರ ಫೆಬ್ರವರಿಯಲ್ಲಿ ಬಂದ 1.1ರಲ್ಲಿ ಪ್ರತಿ ಬಟನ್ನಿಗೂ ಅದರದೇ 'ಲಿಸನರ್' ಇಡುವ ಕ್ರಮ ಬಂತು. ಅಷ್ಟು ಸಣ್ಣ ಕೆಲಸಕ್ಕೆ ದೂರದಲ್ಲೊಂದು ಕ್ಲಾಸು ಬರೆಯುವವರು ಯಾರು? ಹಾಗಾಗಿ ಕ್ಲಾಸಿನೊಳಗೆ, ಮೆಥಡ್ಡಿನೊಳಗೆ, ಕೊನೆಗೆ ಹೆಸರೇ ಇಲ್ಲದೆ ಬಳಸುವಲ್ಲೇ ಕ್ಲಾಸು ಬರೆಯಲು ಅವಕಾಶವಾಯಿತು. ಹೊಸ ವಿಚಾರವೇನಲ್ಲ. ಓಸ್ಲೋದಲ್ಲಿ ಡಾಲ್ ಮತ್ತು ನೈಗಾರ್ಡ್ ರೂಪಿಸಿದ ಸಿಮುಲಾ 67ರಲ್ಲೇ ಇದು ಇತ್ತು.

ತೊಡಕು ಬೇರೆ ಕಡೆ. ಜಾವಾ ಓಡಿಸುವ ವರ್ಚುವಲ್ ಮೆಷಿನ್ ಆಗಲೇ ಜಗತ್ತಿನ ಬ್ರೌಸರುಗಳಲ್ಲೆಲ್ಲ ಕೂತಿತ್ತು. ಅದನ್ನು ಬದಲಿಸದೆ ಕಂಪೈಲರಿಗೇ ಕೆಲಸ ವಹಿಸಿದರು. ಅದು ಒಳಗಿನ ಕ್ಲಾಸನ್ನು ಎತ್ತಿ 'ಶಾಲೆ$1.ಕ್ಲಾಸ್' ಎಂಬಂತೆ ಬೇರೆ ಫೈಲು ಮಾಡುತ್ತದೆ. ಹೆಸರಿಲ್ಲದವಕ್ಕೆ ಹಾಜರಿ ಪಟ್ಟಿಯ ಕ್ರಮಸಂಖ್ಯೆ!

ಈಗ ಹುಡುಗನ ಪ್ರಶ್ನೆ. ಮೆಥಡ್ ಮುಗಿದೊಡನೆ ಅದರ ವೇರಿಯಬಲ್ ಅಳಿಯುತ್ತದೆ, ಲಿಸನರ್ ಉಳಿಯುತ್ತದೆ. ಆದ್ದರಿಂದ ಕಂಪೈಲರ್ ಬೆಲೆಯ ನಕಲು ತೆಗೆದು ಲಿಸನರಿನ ಕೈಯಲ್ಲಿಡುತ್ತದೆ. ಮೂಲ ಮತ್ತೆ ಬದಲಾದರೆ ನಕಲು ಸುಳ್ಳಾಗುತ್ತದೆ, ಅದಕ್ಕೇ 'ಫೈನಲ್' ಎಂಬ ಕಟ್ಟು. ಸನ್‌ನಲ್ಲಿದ್ದ ಗೈ ಸ್ಟೀಲ್ ಮುಂದೆ ನೆನೆದಂತೆ, ಮೊದಲ ಪ್ರಾಯೋಗಿಕ ರೂಪದಲ್ಲಿ ಈ ಕಟ್ಟು ಇರಲಿಲ್ಲ. ಅಂಥ ವೇರಿಯಬಲ್ಲುಗಳನ್ನು 'ಹೀಪ್' ಎಂಬ ಮೆಮೊರಿಯಲ್ಲಿ ಇಡಬೇಕಾಗುತ್ತಿತ್ತು, ಆ ಖರ್ಚಿಗೆ ಹೆದರಿ ಬಳಕೆದಾರರೇ ಬೇಡವೆಂದರಂತೆ.

2014ರ ಜಾವಾ 8ರಿಂದ 'ಫೈನಲ್' ಎಂದು ಬರೆಯಬೇಕಿಲ್ಲ, ಬದಲಿಸದಿದ್ದರೆ ಸಾಕು. ಅನೇಕ ಕಡೆ ಹೆಸರಿಲ್ಲದ ಕ್ಲಾಸಿನ ಜಾಗಕ್ಕೆ ಲ್ಯಾಂಬ್ಡಾ ಬಂತು. ಒಳಗಿನವರೂ ಹೊರಗಿನವರೂ ಒಂದೇ ಮನೆಯವರೆಂದು ವರ್ಚುವಲ್ ಮೆಷಿನ್ ಒಪ್ಪಿದ್ದು 2018ರ ಜಾವಾ 11ರಲ್ಲಿ.

ಹುಡುಗ ಲ್ಯಾಪ್‌ಟಾಪ್ ತೆರೆದ. ಡಾಲರ್ ಚಿಹ್ನೆಯ ಮೂರು ಫೈಲುಗಳಿದ್ದವು. ಇಷ್ಟು ದಿನ ವೈರಸ್ ಎಂದು ಅಳಿಸುತ್ತಿದ್ದನಂತೆ...