ಶಿವಪ್ಪನಾಯಕನ ಶಿಸ್ತು ಮತ್ತು ಒಬ್ಬ ಹುಡುಗನ ಪ್ರಶ್ನೆ

'ಶಿವಪ್ಪನಾಯಕನ ಶಿಸ್ತು' ಎಂಬ ಮಾತನ್ನು ನಂದಿಕೂರಿನ ತರಗತಿಯಲ್ಲಿ ನನ್ನ ಬಾಯಿಂದ ಕೇಳದ ಶಿಷ್ಯರು ವಿರಳ. 1972ರ ಸುಮಾರಿಗೆ, ಚಾಲಗೇಣಿ ಒಕ್ಕಲಿನ ಮನೆಯ ಹುಡುಗನೊಬ್ಬ ಎದ್ದು ನಿಂತು, "ಮಾಸ್ಟ್ರೇ, ಬೆಳೆಯಲ್ಲಿ ಮೂರನೆಯ ಒಂದು ಪಾಲು ಅರಸನಿಗೆ ಎಂದಿರಿ. ಉಳಿದ ಎರಡು ಪಾಲು ಉತ್ತವನಿಗೆ ಸಿಕ್ಕಿತೇ?" ಎಂದು ಕೇಳಿದ. ನನಗೆ ಉತ್ತರ ತೋಚಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು, ಬದುಕಿದೆ.

ಕೆಳದಿಯ ಗದ್ದುಗೆ ಶಿವಪ್ಪನಿಗೆ ನೇರ ಪಿತ್ರಾರ್ಜಿತವಾಗಿ ಬಂದುದಲ್ಲ. 1637ರಲ್ಲಿ ಬಿಜಾಪುರದ ರಣದುಲ್ಲಾಖಾನನ ಸೈನ್ಯ ಇಕ್ಕೇರಿಯನ್ನು ಸೂರೆಗೈದಾಗ ಆಳುತ್ತಿದ್ದವನು ವೀರಭದ್ರನಾಯಕ. ಆ ಬಳಿಕ ರಾಜಧಾನಿ ಬಿದನೂರಿನ ಕಾಡಿಗೆ ಸರಿಯಿತು. ಮಕ್ಕಳಿಲ್ಲದ ವೀರಭದ್ರ 1645ರಲ್ಲಿ ಚಿಕ್ಕಪ್ಪನ ವರಸೆಯ ಶಿವಪ್ಪನಿಗೆ ರಾಜ್ಯವನ್ನು ತಾನಾಗಿ ಒಪ್ಪಿಸಿದನೆಂದು ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಹೇಳುತ್ತದೆ. ಆದರೆ ಕವಿ ಗೆದ್ದವರ ಅರಮನೆಯ ಅನ್ನ ಉಂಡವನು. ಆ 'ತಾನಾಗಿ' ಎಂಬುದನ್ನು ನಾನು ಪೂರ್ತಿಯಾಗಿ ನಂಬಲಾರೆ.

ಅದೇ ಶತಮಾನದಲ್ಲಿ, ಹಂಗೇರಿಯ ಪೂರ್ವಕ್ಕಿದ್ದ ಟ್ರಾನ್ಸಿಲ್ವೇನಿಯದಲ್ಲಿ ಬೆತ್ಲೆನ್ ಗಾಬೋರ್ ಎಂಬವನು 1613ರಲ್ಲಿ ತುರ್ಕರ ಬೆಂಬಲದಿಂದ ಅರಸನಾಗಿ, ಸುಲ್ತಾನ ಮತ್ತು ಆಸ್ಟ್ರಿಯದ ಚಕ್ರವರ್ತಿಯ ನಡುವೆ ತನ್ನ ಸಣ್ಣ ನಾಡನ್ನು ಕಾಪಾಡಿಕೊಂಡ. ನಮ್ಮ ಶಿವಪ್ಪನಿಗೂ ಒಂದು ಕಡೆ ಬಿಜಾಪುರ, ಇನ್ನೊಂದು ಕಡೆ ಮೈಸೂರು, ಘಟ್ಟದ ಕೆಳಗೆ ಪೋರ್ಚುಗೀಸರು. ಗೋವೆ ನಮ್ಮ ಕರಾವಳಿಯ ಅಕ್ಕಿಯನ್ನು ನಂಬಿ ಉಣ್ಣುತ್ತಿತ್ತು. 1652ರಿಂದ 1654ರೊಳಗೆ ಶಿವಪ್ಪ ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡ. ದಕ್ಷಿಣದಲ್ಲಿ ಬೇಕಲದ ಕೋಟೆ ಎದ್ದಿತು. ನೆಲೆ ಕಳೆದುಕೊಂಡ ವಿಜಯನಗರದ ಕೊನೆಯ ಅರಸು ಶ್ರೀರಂಗರಾಯನೂ ಅವನಲ್ಲಿಗೇ ಬಂದ!

ಇನ್ನು ಶಿಸ್ತಿನ ವಿಚಾರ. ಪ್ರತಿ ಊರಿನಲ್ಲೂ ಒಂದೊಂದು ತರದ ಗದ್ದೆಯನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬೀಜ, ಖರ್ಚು, ಹುಟ್ಟುವಳಿಗಳ ಲೆಕ್ಕ ಬರೆಸಿ, ಸರಾಸರಿಯ ಮೂರರಲ್ಲೊಂದು ಪಾಲನ್ನು ತೀರ್ವೆಯಾಗಿ ನಿಗದಿ ಮಾಡಿದನಂತೆ. ಅಡಿಕೆ ತೋಟ ಅಳೆಯುವ ಕೋಲಿಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲುಮೆಟ್ಟಿಲ ಉದ್ದವೇ ಪ್ರಮಾಣ. ಸುಮಾರು ಹದಿನೆಂಟೂವರೆ ಅಡಿ. ಅಧಿಕಾರಿಯ ಬಾಯಿಮಾತಿಗಿಂತ ಕಲ್ಲಿನ ಅಳತೆ ಲೇಸು.

ಇದು ಮಲೆನಾಡಿನ ಮಾತು. ನಮ್ಮ ಕರಾವಳಿಯಲ್ಲಿ ಹಳೆಯ 'ರೇಖೆ'ಯ ಮೇಲೆ ನಂತರದ ಅರಸರು 'ಶಾಮಿಲು' ಹೇರುತ್ತ ಹೋದರು. ಎಲ್ಲಿಯೇ ಆಗಲಿ, ಹುಡುಗನ ಪ್ರಶ್ನೆಗೆ ಉತ್ತರ ಅರಸನ ಲೆಕ್ಕದಲ್ಲಿರಲಿಲ್ಲ. ನಮ್ಮಲ್ಲಿ ಆಗ ಸರಕಾರದ ವ್ಯವಹಾರ ವರ್ಗದಾರನೊಡನೆ ಇತ್ತು. ವರ್ಗದಾರ ಒಕ್ಕಲಿನಿಂದ ಎಷ್ಟು ಮುಡಿ ಗೇಣಿ ಅಳೆಸಿಕೊಳ್ಳುತ್ತಿದ್ದ ಎಂಬುದು ಅವರಿಬ್ಬರ ಪಾಡಾಗಿತ್ತು. ಮೂಲಗೇಣಿಯವನಿಗೆ ಗೇಣಿ ಏರುತ್ತಿರಲಿಲ್ಲ. ಚಾಲಗೇಣಿಯವನಿಗೆ ಆ ಭರವಸೆಯೂ ಇರಲಿಲ್ಲ.

ಶಿವಪ್ಪನಾಯಕ 1660ರಲ್ಲಿ ತೀರಿಕೊಂಡ. 1974ರಲ್ಲಿ ಭೂಸುಧಾರಣೆಯ ಕಾನೂನು ಬಂದಾಗ ಆ ಹುಡುಗನ ತಂದೆ ಡಿಕ್ಲರೇಶನ್ ಬರೆಸಿಕೊಳ್ಳಲು ನಮ್ಮ ಮನೆಯ ಜಗಲಿಗೆ ಬಂದಿದ್ದರು. ಗದ್ದೆಯ ಸರ್ವೆ ನಂಬರನ್ನು ಹುಡುಗನೇ ಬಾಯಿಪಾಠ ಹೇಳಿದ.