ಒಂದು ಹೆಸರಿನಲ್ಲಿ ಇಬ್ಬರು

ವಿಜ್ಞಾನದ ಪುಸ್ತಕದಲ್ಲಿ ಬರುವ ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡುವುದು, ಪರೀಕ್ಷೆ ಮುಗಿದೊಡನೆ ಮರೆಯುವುದು ವಿದ್ಯಾರ್ಥಿಗಳ ವಾಡಿಕೆ. ಆದರೆ ಮರೆಯಬಾರದ ಹೆಸರೊಂದಿದೆ: ‘ರಿಕೆಟ್ಸಿಯಾ ಪ್ರೊವಾಜೆಕಿ’. ಟೈಫಸ್ ಜ್ವರವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಇದು. ನಮಗೆ ಪರಿಚಿತವಾದ ಟೈಫಾಯಿಡ್ ಬೇರೆ, ಈ ಟೈಫಸ್ ಬೇರೆ. ಆ ಹೆಸರಿನೊಳಗೆ ಇಬ್ಬರು ಮನುಷ್ಯರಿದ್ದಾರೆ.

ಮೊದಲನೆಯವರು ಹೊವಾರ್ಡ್ ಟೇಲರ್ ರಿಕೆಟ್ಸ್ (1871-1910), ಶಿಕಾಗೊ ವಿಶ್ವವಿದ್ಯಾಲಯದ ವೈದ್ಯವಿಜ್ಞಾನಿ. ಅಮೆರಿಕದ ಮೊಂಟಾನಾ ಪ್ರಾಂತದ ಬಿಟರ್‌ರೂಟ್ ಕಣಿವೆಯಲ್ಲಿ ಪ್ರತಿ ವಸಂತದಲ್ಲೂ ಮೈಮೇಲೆ ಕಲೆಗಳೇಳುವ ಮಾರಕ ಜ್ವರವೊಂದು ಕಾಣಿಸಿಕೊಳ್ಳುತ್ತಿತ್ತು. ಬೆಟ್ಟದ ಹಿಮ ಕರಗಿದ ನೀರೇ ಅದಕ್ಕೆ ಕಾರಣವೆಂದು ಜನ ನಂಬಿದ್ದರು. ರಿಕೆಟ್ಸ್ 1906ರಲ್ಲಿ ಅಲ್ಲಿಗೆ ಹೋಗಿ, ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ರೋಗವನ್ನು ಹರಡುವುದು ಕಾಡುಪ್ರಾಣಿಗಳ ರಕ್ತ ಹೀರುವ ಉಣುಗು ಎಂದು ಸಿದ್ಧಪಡಿಸಿದರು. ತಾಯಿ ಉಣುಗಿನಿಂದ ಮೊಟ್ಟೆಗೂ ಸೋಂಕು ದಾಟುತ್ತದೆಂಬುದನ್ನೂ ಕಂಡುಕೊಂಡರು.

ಅದೇ ಕಾಲದಲ್ಲಿ ಟ್ಯೂನಿಸ್ ನಗರದಲ್ಲಿ ಶಾರ್ಲ್ ನಿಕೊಲ್ ಎಂಬ ಫ್ರೆಂಚ್ ವೈದ್ಯರು ಟೈಫಸ್ಸಿನ ಜಾಡು ಹಿಡಿದಿದ್ದರು. ರೋಗಿಗಳ ಬಟ್ಟೆ ಮುಟ್ಟಿದವರಿಗೆ ಜ್ವರ ಬರುತ್ತಿತ್ತು. ಆದರೆ ರೋಗಿಗೆ ಸ್ನಾನ ಮಾಡಿಸಿ ಆಸ್ಪತ್ರೆಯ ಬಟ್ಟೆ ತೊಡಿಸಿ ಒಳಗೆ ಮಲಗಿಸಿದ ಮೇಲೆ ಪಕ್ಕದವರಿಗೆ ಹರಡುತ್ತಿರಲಿಲ್ಲ. ಅಂದರೆ ರೋಗ ಬಾಗಿಲಲ್ಲೇ ಕಳಚಿ ಬೀಳುತ್ತಿತ್ತು. ಬಟ್ಟೆಯಲ್ಲಿ ವಾಸಿಸುವ ಕೂರೆಯೇ ವಾಹಕವೆಂದು ನಿಕೊಲ್ 1909ರಲ್ಲಿ ಪ್ರಯೋಗದಿಂದ ತೋರಿಸಿದರು. 1928ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ‘ಕೂರೆಗೆ ಅಂಜಿ ಸೀರೆ ಬಿಸುಟಂತೆ’ ಎಂಬುದು ನಮ್ಮಲ್ಲಿ ಅವಿವೇಕಕ್ಕೆ ಹೇಳುವ ಗಾದೆ. ಟೈಫಸ್ಸಿನ ಮುಂದೆ ಬಟ್ಟೆ ಬಿಸುಡುವುದೇ ವಿವೇಕವಾಗಿತ್ತು!

ರೋಗಾಣು ಮಾತ್ರ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಅದು ಜೀವಕೋಶದ ಒಳಗೆ ಮಾತ್ರ ಬೆಳೆಯುವಂಥದು. ಸಾಮಾನ್ಯ ಬ್ಯಾಕ್ಟೀರಿಯಾದಂತೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯದು. ಹುಡುಕುವವರು ರೋಗಿಯ ಬಳಿಗೂ ಕೂರೆಯ ಬಳಿಗೂ ಹೋಗಲೇಬೇಕು. ಹಾಗೆ ಮೆಕ್ಸಿಕೊ ನಗರಕ್ಕೆ ಹೋದ ರಿಕೆಟ್ಸ್ 1910ರ ಮೇ 3ರಂದು ಟೈಫಸ್ಸಿನಿಂದಲೇ ತೀರಿಕೊಂಡರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಎರಡನೆಯವರು ಬೊಹೀಮಿಯಾದಲ್ಲಿ ಹುಟ್ಟಿದ ಸ್ಟಾನಿಸ್ಲಾಸ್ ಫಾನ್ ಪ್ರೊವಾಜೆಕ್. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಕಾಟ್‌ಬಸ್ ಸೆರೆಶಿಬಿರದ ರಷ್ಯನ್ ಕೈದಿಗಳಲ್ಲಿ ಟೈಫಸ್ ಹಬ್ಬಿದಾಗ, ಅವರೂ ಬ್ರೆಜಿಲ್‌ನ ವಿಜ್ಞಾನಿ ಎನ್ರಿಕೆ ಡ ರೋಷಾ ಲಿಮಾ ಅವರೂ ಸಂಶೋಧನೆಗೆಂದು ಅಲ್ಲಿಗೆ ಹೋದರು. ಇಬ್ಬರಿಗೂ ಜ್ವರ ತಗಲಿತು. 1915ರ ಫೆಬ್ರವರಿಯಲ್ಲಿ ಪ್ರೊವಾಜೆಕ್ ತೀರಿಕೊಂಡರು. ರೋಷಾ ಲಿಮಾ ಬದುಕಿ ಉಳಿದರು.

ಬದುಕಿದವರು ಕೆಲಸ ಮುಂದುವರಿಸಿದರು. 1916ರಲ್ಲಿ ಕೂರೆಯ ಕರುಳಿನಲ್ಲಿ ಆ ಸೂಕ್ಷ್ಮಜೀವಿಯನ್ನು ವಿವರಿಸಿ ಹೆಸರಿಡುವ ಅಧಿಕಾರ ಅವರದಾಯಿತು. ಅವರು ಅದಕ್ಕಿಟ್ಟದ್ದು ತೀರಿಹೋದ ಇಬ್ಬರ ಹೆಸರು. ಒಬ್ಬರು ತಮ್ಮ ಒಡನಾಡಿ, ಇನ್ನೊಬ್ಬರು ದೂರದ ಖಂಡದಲ್ಲಿ ಅದೇ ದಾರಿಯಲ್ಲಿ ನಡೆದು ಮಡಿದವರು.

ಉಣುಗು ಎಂದೊಡನೆ ನಮ್ಮ ಮಲೆನಾಡಿನವರಿಗೆ 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನೆನಪಾದೀತು. ಅದೂ ಉಣುಗಿನಿಂದಲೇ ಬಂದರೂ ಅದರ ಕಾರಣ ವೈರಸ್. ರಿಕೆಟ್ಸಿಯಾ ಬ್ಯಾಕ್ಟೀರಿಯಾ ಆದುದರಿಂದ, ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುತ್ತದೆ. ರಿಕೆಟ್ಸ್, ಪ್ರೊವಾಜೆಕ್ ಅವರ ಕಾಲಕ್ಕೆ ಆ ಮಾತ್ರೆ ಇರಲಿಲ್ಲ. ಈ ಹೆಸರನ್ನು ಓದುವಾಗ ಒಂದು ಕ್ಷಣ ನಿಂತು ಮುಂದೆ ಹೋಗಿರಿ. ಋಣಸ್ಮರಣೆಗೆ ಅಷ್ಟು ಸಾಕು.