ಪಾಡ್‌ಕಾಸ್ಟ್ | ಹತ್ತು ಸಾವಿರ ಪೌಂಡ್ ಕೈಗೆ ಬಂದಿತ್ತು, ಕ್ಲಬ್ ಬಿಡಲಿಲ್ಲ: ಪ್ಲಂಬರ್ ಟಾಮ್ ಫಿನ್ನಿಯ ಕಥೆ

ಇವತ್ತು ನಿಮ್ಮನ್ನ 1952ನೇ ಇಸವಿಗೆ ಕರೆದುಕೊಂಡು ಹೋಗ್ತೀನಿ. ಇಂಗ್ಲೆಂಡ್ ಫುಟ್‌ಬಾಲ್ ತಂಡ ಇಟಲಿ ಪ್ರವಾಸದಲ್ಲಿದೆ. ತಂಡದಲ್ಲಿ ಮೂವತ್ತು ವರ್ಷದ ಒಬ್ಬ ಆಟಗಾರ. ಹೆಸರು ಟಾಮ್ ಫಿನ್ನಿ. ಸಿಸಿಲಿ ದ್ವೀಪದ ಪಲೆರ್ಮೊ ಕ್ಲಬ್ಬಿನ ಅಧ್ಯಕ್ಷ, ಒಬ್ಬ ರಾಜಮನೆತನದ ಶ್ರೀಮಂತ, ಅವರ ಮುಂದೆ ಒಂದು ಪ್ರಸ್ತಾಪ ಇಡುತ್ತಾರೆ. ಸಹಿ ಹಾಕಿದ ಕೂಡಲೇ ಹತ್ತು ಸಾವಿರ ಪೌಂಡ್. ತಿಂಗಳಿಗೆ 130 ಪೌಂಡ್ ಸಂಬಳ. ಗೆದ್ದರೆ ಬೋನಸ್ ಬೇರೆ. ಇರೋದಕ್ಕೆ ಬಂಗಲೆ, ಓಡಾಡೋದಕ್ಕೆ ಕಾರು. ಎರಡು ವರ್ಷದ ಒಪ್ಪಂದ.

ಆಗ ಇಂಗ್ಲೆಂಡ್‌ನಲ್ಲಿ ಫಿನ್ನಿಗೆ ಸಿಗುತ್ತಿದ್ದದ್ದು ಎಷ್ಟು ಗೊತ್ತಾ? ಪಂದ್ಯಗಳು ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 14 ಪೌಂಡ್. ಬೇಸಿಗೆಯಲ್ಲಿ ಆಟ ಇಲ್ಲದಾಗ 10 ಪೌಂಡ್. ಒಂದು ಲೆಕ್ಕ ಹಾಕಿ ನೋಡಿ. ವರ್ಷದ 52 ವಾರವೂ 14 ಪೌಂಡ್ ಕೊಟ್ಟರು ಅಂತಲೇ ಇಟ್ಟುಕೊಂಡರೂ 728 ಪೌಂಡ್ ಆಗುತ್ತೆ. ಅಂದ್ರೆ ಪಲೆರ್ಮೊ ಸಹಿಗೆ ಕೊಡಲು ಬಂದಿದ್ದ ಹಣ ದುಡಿಯೋದಕ್ಕೆ ಹದಿಮೂರು ವರ್ಷಕ್ಕಿಂತ ಹೆಚ್ಚು ಬೇಕಿತ್ತು.

ಫಿನ್ನಿಗೆ ಆಸೆಯಾಯಿತು. ಅದನ್ನು ಅವರು ಮುಂದೆ ಮುಚ್ಚಿಡಲೂ ಇಲ್ಲ. ಊರಿಗೆ ಬಂದು ತಮ್ಮ ಕ್ಲಬ್ಬಾದ ಪ್ರೆಸ್ಟನ್ ನಾರ್ತ್ ಎಂಡ್‌ನ ಅಧ್ಯಕ್ಷ ನ್ಯಾಟ್ ಬಕ್ ಹತ್ತಿರ ಮಾತಾಡಿದರು. ಬಕ್ ಒಪ್ಪಲಿಲ್ಲ. ಆಡುವುದಾದರೆ ನಮಗೇ ಆಡು, ಇಲ್ಲದಿದ್ದರೆ ಯಾರಿಗೂ ಆಡೋ ಹಾಗಿಲ್ಲ ಅನ್ನೋದು ಅವರ ಉತ್ತರದ ಸಾರ. ಮಾತು ಅಲ್ಲಿಗೇ ಮುಗಿಯಿತು. ಫಿನ್ನಿ ಪ್ರೆಸ್ಟನ್‌ನಲ್ಲೇ ಉಳಿದರು.

ಟಾಮ್ ಫಿನ್ನಿ ಅಂದ ಕೂಡಲೇ ಇವತ್ತಿಗೂ ಎಲ್ಲರೂ ಹೇಳೋದು ಒಂದೇ: ನಿಷ್ಠೆಗೆ ಇನ್ನೊಂದು ಹೆಸರು, ಜೀವನಪೂರ್ತಿ ಒಂದೇ ಕ್ಲಬ್‌ಗೆ ಆಡಿದವರು. ಅದು ನಿಜ. ಆದರೆ ಅದು ಅರ್ಧ ಕಥೆ ಮಾತ್ರ. ಉಳಿದ ಅರ್ಧವನ್ನ ಇವತ್ತು ಹೇಳ್ತೀನಿ.

ಪ್ರೆಸ್ಟನ್ ಇರೋದು ಇಂಗ್ಲೆಂಡ್‌ನ ವಾಯವ್ಯ ಭಾಗದ ಲ್ಯಾಂಕಾಶೈರ್‌ನಲ್ಲಿ. ಹತ್ತಿ ಗಿರಣಿಗಳ ಊರು. 1888ರಲ್ಲಿ ಇಂಗ್ಲಿಷ್ ಲೀಗ್ ಶುರುವಾದಾಗ ಮೊದಲ ಎರಡು ವರ್ಷವೂ ಚಾಂಪಿಯನ್ ಆಗಿದ್ದು ಇದೇ ಊರಿನ ತಂಡ. ಮೊದಲ ವರ್ಷ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ. ತಂಡದ ಮೈದಾನದ ಹೆಸರು ಡೀಪ್‌ಡೇಲ್. ಆ ಮೈದಾನದಿಂದ ಕೂಗಳತೆಯ ದೂರದಲ್ಲಿ, 1922ರ ಏಪ್ರಿಲ್ 5ರಂದು ಫಿನ್ನಿ ಹುಟ್ಟಿದರು. ತೀರಾ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಹುಡುಗ ಸಣಕಲು, ಆರೋಗ್ಯವೂ ಅಷ್ಟಕ್ಕಷ್ಟೇ. ಹುಟ್ಟಿನಿಂದ ಎಡಗಾಲಿನವನು. ಆದರೆ ಹಟ ಹಿಡಿದು ಬಲಗಾಲನ್ನೂ ಪಳಗಿಸಿಕೊಂಡ.

ಹದಿಹರೆಯದಲ್ಲೇ ಪ್ರೆಸ್ಟನ್ ಕ್ಲಬ್ ಅವರನ್ನ ಕರೆಯಿತು. ಬೇರೆ ಯಾವ ಹುಡುಗನಾದರೂ ಕುಣಿದಾಡುತ್ತಿದ್ದ. ಆದರೆ ತಂದೆ ಆಲ್ಫ್ ಒಂದು ಷರತ್ತು ಹಾಕಿದರು. ಮೊದಲು ಕೈಕಸುಬು ಕಲಿ, ಪ್ಲಂಬಿಂಗ್ ತರಬೇತಿ ಮುಗಿಸು, ಆಮೇಲೆ ಫುಟ್‌ಬಾಲ್. ಕಾಲು ಮುರಿದರೆ ಊಟಕ್ಕೇನು ಅನ್ನೋದು ಅಪ್ಪನ ಚಿಂತೆ. ಹಾಗಾಗಿ ಹಗಲು ಪೈಪು, ನಲ್ಲಿಗಳ ಕೆಲಸ. ಅದು ಮುಗಿದ ಮೇಲೆ ಫುಟ್‌ಬಾಲ್ ಅಭ್ಯಾಸ. ಅಪ್ಪನ ಆ ಷರತ್ತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಲೀಗ್ ನಿಂತುಹೋಯಿತು. ಯುದ್ಧಕಾಲದ ಕಪ್ ಅಂತ ಒಂದು ಟೂರ್ನಿ ನಡೆಯುತ್ತಿತ್ತು. 1941ರಲ್ಲಿ ಪ್ರೆಸ್ಟನ್ ಅದರ ಫೈನಲ್‌ನಲ್ಲಿ ಆರ್ಸೆನಲ್ ತಂಡವನ್ನ ಮರುಪಂದ್ಯದಲ್ಲಿ ಸೋಲಿಸಿತು. ಆ ತಂಡದಲ್ಲಿ ಹತ್ತೊಂಬತ್ತರ ಫಿನ್ನಿ ಇದ್ದರು. ಮರುವರ್ಷ ಸೇನೆಯಿಂದ ಕರೆ. ಈಜಿಪ್ಟ್‌ಗೆ ಹೋದರು. ಆಮೇಲೆ ಇಟಲಿ. ಅಲ್ಲಿ ಟ್ಯಾಂಕ್ ಓಡಿಸಿದರು. 1945ರ ಏಪ್ರಿಲ್‌ನಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ, ಆರ್ಜೆಂಟಾ ಎಂಬಲ್ಲಿ ನಡೆದ ಕದನದಲ್ಲೂ ಇದ್ದರು.

ಇದೆಲ್ಲ ಮುಗಿದು ಲೀಗ್‌ನಲ್ಲಿ ಮೊದಲ ಪಂದ್ಯ ಆಡುವಾಗ ಫಿನ್ನಿಗೆ 24 ವರ್ಷ. ದಿನಾಂಕ 1946ರ ಆಗಸ್ಟ್ 31, ಎದುರಾಳಿ ಲೀಡ್ಸ್. ಒಂದು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 28ಕ್ಕೆ, ಇಂಗ್ಲೆಂಡ್ ತಂಡದ ಅಂಗಿ ತೊಟ್ಟರು. ಬೆಲ್‌ಫಾಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ವಿರುದ್ಧ ಇಂಗ್ಲೆಂಡ್ 7–2ರಿಂದ ಗೆದ್ದ ಆ ಪಂದ್ಯದಲ್ಲಿ ಒಂದು ಗೋಲನ್ನೂ ಹೊಡೆದರು.

ಇಲ್ಲಿ ವಿಂಗರ್ ಅಂದ್ರೆ ಯಾರು ಅಂತ ಸ್ವಲ್ಪ ಹೇಳಬೇಕು. ಆಗಿನ ತಂಡಗಳಲ್ಲಿ ಮುಂದಿನ ಸಾಲಿನಲ್ಲಿ ಐದು ಜನ. ಅದರಲ್ಲಿ ಎರಡು ತುದಿಗೆ, ಮೈದಾನದ ಅಂಚಿನ ಗೆರೆಗೆ ಅಂಟಿಕೊಂಡು ಓಡುವವರೇ ವಿಂಗರ್‌ಗಳು. ಎದುರಿಗೆ ಬಂದ ಡಿಫೆಂಡರ್‌ನ ಕಣ್ಣು ತಪ್ಪಿಸಿ ಮುಂದೆ ನುಗ್ಗೋದು, ಗೋಲಿನ ಮುಂದೆ ನಿಂತವರಿಗೆ ಚೆಂಡು ತಲುಪಿಸೋದು ಅವರ ಕೆಲಸ. ಬಲತುದಿಯಲ್ಲಿ ಆಗ ಒಬ್ಬ ದೊಡ್ಡ ಹೆಸರಿನವರು ಇದ್ದರು, ಸ್ಟ್ಯಾನ್ಲಿ ಮ್ಯಾಥ್ಯೂಸ್. ಮ್ಯಾಥ್ಯೂಸ್ ಬೇಕಾ, ಫಿನ್ನಿ ಬೇಕಾ ಅಂತ ಇಂಗ್ಲೆಂಡ್‌ನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. 1947ರ ಮೇ ತಿಂಗಳಲ್ಲಿ, ಲಿಸ್ಬನ್‌ನಲ್ಲಿ ಪೋರ್ಚುಗಲ್ ವಿರುದ್ಧ ಇಬ್ಬರನ್ನೂ ಇಳಿಸಿದರು. ಮ್ಯಾಥ್ಯೂಸ್ ಬಲಕ್ಕೆ, ಫಿನ್ನಿ ಎಡಕ್ಕೆ. ಇಂಗ್ಲೆಂಡ್ ಹತ್ತು ಗೋಲು ಹೊಡೆಯಿತು, ಪೋರ್ಚುಗಲ್ ಸೊನ್ನೆ!

ಎರಡೂ ಕಾಲಲ್ಲಿ ಆಡಬಲ್ಲವರಾಗಿದ್ದರಿಂದ ಫಿನ್ನಿಯನ್ನ ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಬಲತುದಿ, ಎಡತುದಿ, ಕೊನೆಕೊನೆಗೆ ಸೆಂಟರ್ ಫಾರ್ವರ್ಡ್ ಕೂಡ. ಇಂಗ್ಲೆಂಡ್ ಪರ 76 ಪಂದ್ಯ, 30 ಗೋಲು. ಅವರು ನಿಲ್ಲಿಸಿದಾಗ ಇಂಗ್ಲೆಂಡ್ ಪರ ಅದಕ್ಕಿಂತ ಹೆಚ್ಚು ಗೋಲು ಹೊಡೆದವರು ಯಾರೂ ಇರಲಿಲ್ಲ. 1950, 1954, 1958 ಹೀಗೆ ಮೂರು ವಿಶ್ವಕಪ್ ಆಡಿದರು. ಅಮೆರಿಕ 1–0ರಿಂದ ಇಂಗ್ಲೆಂಡ್‌ಗೆ ಮುಖಭಂಗ ಮಾಡಿದ 1950ರ ಆ ಪಂದ್ಯದಲ್ಲೂ ಅವರಿದ್ದರು. ವರ್ಷದ ಫುಟ್‌ಬಾಲಿಗ ಪ್ರಶಸ್ತಿಯನ್ನ ಎರಡು ಸಲ ಪಡೆದ ಮೊದಲಿಗರೂ ಅವರೇ, 1954 ಮತ್ತು 1957ರಲ್ಲಿ.

ಆದರೆ ಪ್ರೆಸ್ಟನ್ ಜೊತೆ ದೊಡ್ಡದೇನಾದರೂ ಗೆದ್ದರಾ? ಇಲ್ಲ. 1949ರಲ್ಲಿ ತಂಡ ಎರಡನೇ ಡಿವಿಷನ್‌ಗೆ ಇಳಿಯಿತು. ಎರಡು ವರ್ಷದಲ್ಲಿ ಅಲ್ಲಿ ಮೊದಲ ಸ್ಥಾನ ಪಡೆದು ಮೇಲೆ ಬಂತು. 1953ರಲ್ಲಿ ಆರ್ಸೆನಲ್‌ಗೂ ಪ್ರೆಸ್ಟನ್‌ಗೂ ತಲಾ 54 ಅಂಕ. ಆಗ ಅಂಕ ಸಮ ಆದರೆ, ಹೊಡೆದ ಗೋಲನ್ನ ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಿ ಸರಾಸರಿ ನೋಡುತ್ತಿದ್ದರು. ಆರ್ಸೆನಲ್‌ದು 1.516, ಪ್ರೆಸ್ಟನ್‌ದು 1.417. ಹೆಚ್ಚುಕಮ್ಮಿ 0.1ರ ವ್ಯತ್ಯಾಸಕ್ಕೆ, 63 ವರ್ಷದಿಂದ ಕಾಯುತ್ತಿದ್ದ ಕಿರೀಟ ಕೈತಪ್ಪಿತು. ಮರುವರ್ಷ ಎಫ್‌ಎ ಕಪ್ ಫೈನಲ್. ನಾಯಕ ಫಿನ್ನಿ. ಹಿಂದಿನ ವರ್ಷವಷ್ಟೇ ಮ್ಯಾಥ್ಯೂಸ್ ತಮ್ಮ 38ನೇ ವಯಸ್ಸಲ್ಲಿ ಈ ಕಪ್ ಗೆದ್ದಿದ್ದರು. ಈ ಸಲ ಫಿನ್ನಿ ಸರದಿ ಅಂತ ಜನ ಕಾಯುತ್ತಿದ್ದರು. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ 3–2ರಿಂದ ಗೆದ್ದಿತು. 1958ರಲ್ಲಿ ಲೀಗ್‌ನಲ್ಲಿ ಮತ್ತೆ ಎರಡನೇ ಸ್ಥಾನ.

ಸರಿ, ಈಗ ಪಲೆರ್ಮೊ ವಿಷಯಕ್ಕೆ ವಾಪಸ್ ಬರೋಣ. ಅಧ್ಯಕ್ಷರು ಬೇಡ ಅಂದ್ರೆ ಏನಂತೆ, ಎದ್ದು ಹೋಗಬಹುದಿತ್ತಲ್ವಾ ಅಂತ ನಿಮಗೆ ಅನ್ನಿಸಬಹುದು. ಆಗುತ್ತಿರಲಿಲ್ಲ. ಯಾಕೆ ಅಂದ್ರೆ ಅಲ್ಲಿ ಎರಡು ನಿಯಮ ಇದ್ದವು.

ಒಂದು, ಗರಿಷ್ಠ ವೇತನ. 1901ರಲ್ಲಿ ವಾರಕ್ಕೆ 4 ಪೌಂಡ್ ಅಂತ ಶುರುವಾದ ಮಿತಿ ಇದು. ಕಾಲಕಾಲಕ್ಕೆ ಸ್ವಲ್ಪ ಏರುತ್ತಾ ಹೋಯಿತು, ಅಷ್ಟೇ. ನೀವು ದೇಶದ ಅತ್ಯುತ್ತಮ ಆಟಗಾರನಾಗಿರಿ, ಯಾರೇ ಆಗಿರಿ, ಯಾವ ಕ್ಲಬ್ಬೂ ಅದಕ್ಕಿಂತ ಹೆಚ್ಚು ಸಂಬಳ ಕೊಡೋ ಹಾಗಿರಲಿಲ್ಲ. ಎರಡು, ರಿಟೇನ್ ಪದ್ಧತಿ. ಐಪಿಎಲ್‌ನಿಂದಾಗಿ ನಮಗೆಲ್ಲ ಈ ಪದ ಗೊತ್ತು. ಆದರೆ ಅಲ್ಲಿ ಅದರ ಅರ್ಥವೇ ಬೇರೆ. ಆಟಗಾರನ ಒಪ್ಪಂದದ ಅವಧಿ ಮುಗಿದ ಮೇಲೂ ಅವನ ನೋಂದಣಿ ಕ್ಲಬ್ ಕೈಯಲ್ಲೇ ಇರುತ್ತಿತ್ತು. ಕ್ಲಬ್ ಬಿಡದೆ ಅವನು ಬೇರೆ ಕಡೆ ಆಡುವಂತಿರಲಿಲ್ಲ.

ಇದನ್ನ ಮೀರಿದವರ ಗತಿ ಏನಾಯಿತು ಅನ್ನೋದು ಎಲ್ಲರ ಕಣ್ಣ ಮುಂದೆ ಇತ್ತು. 1950ರಲ್ಲಿ ಇಂಗ್ಲೆಂಡ್‌ನ ಡಿಫೆಂಡರ್ ನೀಲ್ ಫ್ರಾಂಕ್ಲಿನ್, ಸ್ಟೋಕ್ ಕ್ಲಬ್ ಬಿಟ್ಟು ಹೆಚ್ಚಿನ ಹಣಕ್ಕಾಗಿ ಕೊಲಂಬಿಯಾದ ಬೊಗೊಟಾಕ್ಕೆ ಹೋದರು. ಕೆಲವೇ ತಿಂಗಳಲ್ಲಿ ವಾಪಸ್ ಬಂದರು. ನಿಷೇಧ ಕಾದಿತ್ತು. ಇಂಗ್ಲೆಂಡ್ ಪರ ಮತ್ತೆ ಯಾವತ್ತೂ ಆಡಲಿಲ್ಲ. ಇದಾಗಿ ಎರಡೇ ವರ್ಷಕ್ಕೆ ಫಿನ್ನಿಗೆ ಪಲೆರ್ಮೊ ಕರೆ ಬಂದದ್ದು. ಇನ್ನೊಂದು ಕಡೆ 1957ರಲ್ಲಿ ವೇಲ್ಸ್‌ನ ಜಾನ್ ಚಾರ್ಲ್ಸ್, ಲೀಡ್ಸ್‌ನಿಂದ ಇಟಲಿಯ ಯುವೆಂಟಸ್‌ಗೆ ಹೋಗಿ ದೊಡ್ಡ ಹೀರೊ ಆದರು. ವ್ಯತ್ಯಾಸ ಇಷ್ಟೇ: ಲೀಡ್ಸ್ 65 ಸಾವಿರ ಪೌಂಡ್ ತೆಗೆದುಕೊಂಡು ಬಿಟ್ಟುಕೊಟ್ಟಿತು, ಪ್ರೆಸ್ಟನ್ ಬಿಡಲಿಲ್ಲ. ಎರಡೂ ಸಲ ಕೊನೆಯ ಮಾತು ಕ್ಲಬ್‌ದೇ.

ಹಾಗಂತ ಕ್ಲಬ್‌ಗಳ ವಾದವನ್ನ ಪೂರ್ತಿ ತಳ್ಳಿಹಾಕೋದೂ ಸರಿಯಲ್ಲ. ಮಿತಿ ಇಲ್ಲದಿದ್ದರೆ ಲಂಡನ್, ಮ್ಯಾಂಚೆಸ್ಟರ್‌ನಂಥ ದೊಡ್ಡ ಊರಿನ ಕ್ಲಬ್‌ಗಳು ಒಳ್ಳೆಯವರನ್ನೆಲ್ಲ ಬಾಚಿಕೊಂಡುಬಿಡುತ್ತವೆ, ಸಣ್ಣ ಊರುಗಳು ಬರಿದಾಗುತ್ತವೆ ಅಂತ ಅವರು ಹೇಳುತ್ತಿದ್ದರು. ಪ್ರೆಸ್ಟನ್‌ನಂಥ ಊರಿನಲ್ಲಿ ಹದಿನಾಲ್ಕು ವರ್ಷ ಫಿನ್ನಿಯಂಥವರು ಆಡಿದ್ದಕ್ಕೆ ಈ ನಿಯಮವೂ ಒಂದು ಕಾರಣ. ಆದರೆ ಇನ್ನೊಂದು ಲೆಕ್ಕವೂ ಇದೆ. 1948–49ರಲ್ಲಿ ಲೀಗ್ ಪಂದ್ಯಗಳಿಗೆ ಬಂದ ಪ್ರೇಕ್ಷಕರು 4 ಕೋಟಿಗೂ ಹೆಚ್ಚು. ಅಷ್ಟು ಜನ ಟಿಕೆಟ್ ಕೊಂಡು ಬಂದಿದ್ದು ಯಾರನ್ನ ನೋಡೋಕೆ? ಸಣ್ಣ ಊರನ್ನ ಉಳಿಸುವ ಖರ್ಚನ್ನ ಆಟಗಾರರ ಜೇಬಿನಿಂದಲೇ ಹೊಂದಿಸಿದ ಹಾಗಾಯಿತು.

ಈಗ ಅಪ್ಪನ ಷರತ್ತು ನೆನಪಿಸಿಕೊಳ್ಳಿ. ಫಿನ್ನಿ ತಮ್ಮ ಸಹೋದರನ ಜೊತೆ ಸೇರಿ ಪ್ಲಂಬಿಂಗ್ ವ್ಯವಹಾರ ಕಟ್ಟಿದರು. ದೇಶಕ್ಕೆ ಆಡುತ್ತಿದ್ದ ದಿನಗಳಲ್ಲೂ ಆ ಕೆಲಸ ಬಿಡಲಿಲ್ಲ. ಅದಕ್ಕೇ ‘ಪ್ರೆಸ್ಟನ್ ಪ್ಲಂಬರ್’ ಅನ್ನೋ ಹೆಸರು ಬಂದಿದ್ದು. ಕೇಳೋದಕ್ಕೆ ಮುದ್ದಾದ ಅಡ್ಡಹೆಸರು. ಆದರೆ ಸ್ವಲ್ಪ ಯೋಚಿಸಿ, ಇಂಗ್ಲೆಂಡ್‌ನ ಅತ್ಯುತ್ತಮ ಆಟಗಾರನಿಗೆ ಎರಡನೇ ಕೆಲಸ ಯಾಕೆ ಬೇಕಿತ್ತು?

ಫಿನ್ನಿ 1960ರ ಏಪ್ರಿಲ್ 30ರಂದು ಡೀಪ್‌ಡೇಲ್‌ನಲ್ಲಿ ಲೂಟನ್ ವಿರುದ್ಧ ಕೊನೆಯ ಲೀಗ್ ಪಂದ್ಯ ಆಡಿದರು. ಲೀಗ್‌ನಲ್ಲಿ 433 ಪಂದ್ಯ, 187 ಗೋಲು. ಅಷ್ಟು ವರ್ಷದಲ್ಲಿ ರೆಫರಿಯಿಂದ ಒಂದು ಎಚ್ಚರಿಕೆಯನ್ನೂ ಪಡೆಯದ ಆಟಗಾರ ಅನ್ನೋ ಕೀರ್ತಿ ಬೇರೆ. ಆಗ ವೇತನದ ಮಿತಿ ವಾರಕ್ಕೆ 20 ಪೌಂಡ್.

ಆಮೇಲೆ ಏನಾಯಿತು ನೋಡಿ. ಒಂಬತ್ತೇ ತಿಂಗಳು. 1961ರ ಜನವರಿಯಲ್ಲಿ ಜಿಮ್ಮಿ ಹಿಲ್ ನೇತೃತ್ವದ ಆಟಗಾರರ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟಿತು. ಲೀಗ್ ಮಣಿಯಿತು. ಆರು ದಶಕದ ಗರಿಷ್ಠ ವೇತನ ರದ್ದಾಯಿತು. ಅದೇ ವರ್ಷ ಫುಲಮ್ ಕ್ಲಬ್ ತನ್ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಕೊಟ್ಟಿತು. ಅಂದ್ರೆ ಐದು ಪಟ್ಟು! 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ಹೂಡಿದ ಮೊಕದ್ದಮೆಯಲ್ಲಿ, ಒಪ್ಪಂದ ಮುಗಿದವರನ್ನ ಹಿಡಿದಿಟ್ಟುಕೊಳ್ಳೋದು ದುಡಿಯುವ ಸ್ವಾತಂತ್ರ್ಯಕ್ಕೆ ಅಕ್ರಮ ಅಡ್ಡಿ ಅಂತ ಕೋರ್ಟ್ ತೀರ್ಪು ಕೊಟ್ಟಿತು. ಇತ್ತ ಪ್ರೆಸ್ಟನ್, ಫಿನ್ನಿ ನಿವೃತ್ತರಾದ ಮರುವರ್ಷವೇ ಮೊದಲ ಡಿವಿಷನ್‌ನಿಂದ ಕೆಳಗಿಳಿಯಿತು. ಆಮೇಲೆ ಅಗ್ರ ದರ್ಜೆಗೆ ಮರಳಲೇ ಇಲ್ಲ.

ಫಿನ್ನಿ ಕಹಿಯಾಗಲಿಲ್ಲ. ಪ್ಲಂಬಿಂಗ್ ವ್ಯವಹಾರ ಕೈಹಿಡಿಯಿತು. ಊರಲ್ಲೇ ಇದ್ದರು. ನ್ಯಾಯಾಂಗದ ಗೌರವ ಹುದ್ದೆ, ಆರೋಗ್ಯ ಆಡಳಿತದ ಹೊಣೆ, ಕ್ಲಬ್ಬಿನ ಗೌರವಾಧ್ಯಕ್ಷ ಸ್ಥಾನ ಎಲ್ಲವನ್ನೂ ನಿಭಾಯಿಸಿದರು. 1963ರಲ್ಲಿ 41ರ ವಯಸ್ಸಲ್ಲಿ ಉತ್ತರ ಐರ್ಲೆಂಡ್‌ನ ಡಿಸ್ಟಿಲರಿ ತಂಡಕ್ಕಾಗಿ ಯುರೋಪಿಯನ್ ಕಪ್‌ನಲ್ಲಿ ಬೆನ್‌ಫಿಕಾ ವಿರುದ್ಧ ಆಡಿದರು, ಪಂದ್ಯ 3–3 ಡ್ರಾ ಆಯಿತು. 1998ರಲ್ಲಿ ಸರ್ ಪದವಿ ಬಂತು. 2014ರ ಫೆಬ್ರುವರಿ 14ರಂದು, 91ನೇ ವಯಸ್ಸಲ್ಲಿ ತೀರಿಕೊಂಡರು.

ಡೀಪ್‌ಡೇಲ್ ಹೊರಗೆ ಇವತ್ತು ಅವರ ಒಂದು ಪ್ರತಿಮೆ ಇದೆ. 1956ರಲ್ಲಿ ಲಂಡನ್‌ನಲ್ಲಿ ಚೆಲ್ಸಿ ವಿರುದ್ಧ ಆಡುವಾಗ ಜೋರು ಮಳೆ. ಮೈದಾನದ ತುಂಬ ನೀರು. ಆ ನೀರನ್ನ ಎರಡೂ ಕಡೆ ಚಿಮ್ಮಿಸುತ್ತಾ ಫಿನ್ನಿ ಚೆಂಡಿನ ಜೊತೆ ಜಾರಿಕೊಂಡು ಹೋಗುವ ಫೋಟೊ ಬಹಳ ಪ್ರಸಿದ್ಧ. ಅದನ್ನೇ ಪ್ರತಿಮೆ ಮಾಡಿ, ಸುತ್ತ ಕಾರಂಜಿ ಇಟ್ಟಿದ್ದಾರೆ.

ಫಿನ್ನಿಗೆ ಪ್ರೆಸ್ಟನ್ ಮೇಲೆ ಪ್ರೀತಿ ಇತ್ತು, ಅದರಲ್ಲಿ ಅನುಮಾನವೇ ಬೇಡ. ಆದರೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದಾಗ, ಒಳಗಿದ್ದವರು ಪ್ರೀತಿಯಿಂದ ಉಳಿದರೋ ವಿಧಿಯಿಲ್ಲದೆ ಉಳಿದರೋ ಅಂತ ಹೇಗೆ ಹೇಳೋದು? ಇಂದಿನ ಆಟಗಾರರು ಬರೀ ದುಡ್ಡಿನ ಹಿಂದೆ ಓಡ್ತಾರೆ, ಆಗಿನವರು ಹಾಗಿರಲಿಲ್ಲ ಅಂತ ಯಾರಾದರೂ ಅಂದರೆ, ಅವರಿಗೆ 1952ರ ಈ ಕಥೆ ಹೇಳಿ. ಫಿನ್ನಿ ಹೋಗಬೇಕು ಅಂತ ಕೇಳಿದ್ದರು. ಬಿಡಲಿಲ್ಲ, ಅಷ್ಟೇ.